ಅಳಿಯ ಹತ್ತಿದ ಏಣಿ

ಇಪ್ಪತ್ತು ವರ್ಷಗಳಿಂದ ನಾನು ವಿಜಯಪುರದ ಕಾಲೇಜು ಮಕ್ಕಳಿಗೆ ಏಣಿಯ ಲೆಕ್ಕ ಕಲಿಸುತ್ತಿದ್ದೇನೆ. ನಿಜವಾದ ಏಣಿ ಹತ್ತಿದ್ದು ಮಾತ್ರ ಹೋದ ಮಾರ್ಚಿನಲ್ಲಿ, ಅದೇ ಮೊದಲು. ವಿಜ್ಞಾನದ ಮಾಸ್ತರನ ಏಣಿ ಬಲು ಸಾಧು ಪ್ರಾಣಿ. ಕರಿಹಲಗೆಯ ಮೇಲೆ ನೆಟ್ಟಗಿನ ಗೋಡೆ, ಸಪಾಟು ನೆಲ, ನಡುವೆ ಓರೆಯಾದ ಒಂದು ಗೆರೆ. ಆ ಗೆರೆಗೆ ಎರಡು ಕಾಲುಗಳಿರುವುದು ಕಾಣುವುದಿಲ್ಲ. ಅದರ ಮೇಲೆ ನಿಂತವನಿಗೆ ಹೆಂಡತಿ ಮಕ್ಕಳೂ ಇರುವುದಿಲ್ಲ.

ನನ್ನ ಹೆಂಡತಿಯ ತವರು ಹೊನವಾಡ. ಮಾವನವರಿಗೆ ದ್ರಾಕ್ಷಿ ತೋಟವಿದೆ, ತೋಟದ ಅಂಚಿನ ಇಳುಕಲಿನಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡಿದೆ. ಆ ಶೆಡ್ಡಿಗೆಂದು ನಾನೇ ಸೊಲ್ಲಾಪುರ ರಸ್ತೆಯ ಅಂಗಡಿಯೊಂದರಿಂದ ಜಗ್ಗಿದಷ್ಟು ಉದ್ದವಾಗುವ ಅಲ್ಯೂಮಿನಿಯಂ ಏಣಿ ಕೊಂಡು, ಟೆಂಪೋದಲ್ಲಿ ಕಳಿಸಿಕೊಟ್ಟಿದ್ದೆ. ಮಾವನವರು ಅದನ್ನು ಬಂದವರಿಗೆಲ್ಲ ತೋರಿಸಿ, ಮತ್ತೆ ಬಟ್ಟೆ ಸುತ್ತಿ ಇಡುತ್ತಿದ್ದರು.

ನಮ್ಮ ಕಡೆ ಅಳಿಯನೆಂದರೆ ಏನೆಂದು ಇಲ್ಲಿ ಹೇಳಬೇಕು. ಅಳಿಯ ಹಾಲಿಗೆ ಉಪ್ಪು ಹಾಕಿಕೊಂಡರೂ ‘ಹಂಗೂ ಛಲೋ ಹತ್ತತೈತ್ರಿ’ ಎನ್ನುವ ಮನೆತನಗಳಿವೆ. ನನ್ನ ಮಾವ ಆ ಪೈಕಿ. ಹನ್ನೆರಡು ವರ್ಷಗಳಲ್ಲಿ ಅವರು ನನ್ನ ಒಂದು ಕೆಲಸವನ್ನೂ ತಪ್ಪೆಂದಿರಲಿಲ್ಲ. ಹೀಗಾಗಿ ನಾನು ತಪ್ಪು ಮಾಡುವವನೇ ಅಲ್ಲವೆಂಬ ನಂಬಿಕೆ ನನ್ನಲ್ಲಿ ಮೆಲ್ಲಗೆ ಬೇರೂರಿತ್ತು. ಹೆಂಡತಿ ಅದನ್ನು ಒಪ್ಪಿರಲಿಲ್ಲ, ಆ ಮಾತು ಬೇರೆ.

ಆ ಮಾರ್ಚಿನ ಒಂದು ದಿನ ಹೆಂಡತಿಯೊಂದಿಗೆ ಹೊನವಾಡಕ್ಕೆ ಹೋಗಿದ್ದೆ. ಮಧ್ಯಾಹ್ನ ಬಬಲೇಶ್ವರದ ಕಡೆಯಿಂದ ಮೋಡ ಎದ್ದಿತು. ಮಳೆ ತಡೆಯಲು ಶೆಡ್ಡಿನ ಮೇಲೆ ಹೊದಿಸಿದ್ದ ತಾಡಪತ್ರಿಯ ಒಂದು ಮೂಲೆ ಹಗ್ಗ ಹರಿದುಕೊಂಡು ಗಾಳಿಗೆ ಬಡಿದಾಡುತ್ತಿತ್ತು. ಒಳಗೆ ಇಡೀ ವರ್ಷದ ದುಡಿಮೆ ಅರೆ ಒಣಗಿ ಮಲಗಿತ್ತು. ಮಳೆ ತಾಗಿದರೆ ಮಾಲು ಕಪ್ಪಾಗಿ ಹೋಗುತ್ತದೆ. ಮಾವನವರಿಗೆ ಮೊಣಕಾಲು ನೋವು. “ನಾ ಹತ್ತತೀನ್ರಿ” ಎಂದು ನಾನು ಪ್ಯಾಂಟು ಮಡಚಿದೆ.

ನಾಲ್ಕಡಿ ಎತ್ತರಕ್ಕೆ ಒಂದಡಿಯಂತೆ ಬುಡವನ್ನು ದೂರ ಇಟ್ಟೆ, ಶಾಸ್ತ್ರೋಕ್ತವಾಗಿತ್ತು. ಆದರೆ ನೆಲ ಅಡ್ಡಕ್ಕೆ ಇಳಿದಿದ್ದರಿಂದ ಏಣಿಯ ಒಂದು ಕಾಲು ನಾಲ್ಕು ಬೆರಳು ಮೇಲೆ ತೂಗಾಡುತ್ತಿತ್ತು. ಅದರ ಕೆಳಗೆ ಒಂದು ಇಟ್ಟಂಗಿ, ಇಟ್ಟಂಗಿಯ ಮೇಲೆ ನುಣುಪಾದ ಫರಸಿಕಲ್ಲಿನ ತುಂಡು ಇಟ್ಟೆ. ಮಾವ ನೋಡುತ್ತಿದ್ದರು. ಬಾಯಿ ತೆರೆದರು, ಮುಚ್ಚಿದರು, ಕೊನೆಗೆ ಒಮ್ಮೆ ಕೆಮ್ಮಿದರು. ಅಳಿಯನಿಗೆ ಅದಕ್ಕಿಂತ ಹೆಚ್ಚು ಹೇಳುವ ಪದ್ಧತಿ ಆ ಮನೆಯಲ್ಲಿಲ್ಲ.

ಆರನೇ ಮೆಟ್ಟಿಲಿಗೆ ಫರಸಿ ಕಿರ್ ಎಂದಿತು. ಏಣಿ ಒಂದು ಕಡೆ ವಾಲಿತು. ನಾನು ಮೆಟ್ಟಿಲನ್ನು ತಬ್ಬಿಕೊಂಡೆ.

“ಏ ಮಾಸ್ತರ! ಅಲ್ಲೇ ನಿಂದರ್ರಿ! ಅಳಗ್ಯಾಡಬ್ಯಾಡ್ರಿ!”

ಒಳಗೆ ದ್ರಾಕ್ಷಿ ಹರವುತ್ತಿದ್ದ ಕೂಲಿಯಾಳು ಕಾಶವ್ವ ಓಡಿಬಂದು ಏಣಿಗೆ ಹೆಗಲು ಕೊಟ್ಟಿದ್ದಳು. “ಹೂಂ, ಈಗ ಸಾವಕಾಶ ಇಳೀರಿ. ಕಲ್ಲಿನ ಮ್ಯಾಲ ಕಲ್ಲ ಇಟ್ಟು, ಅದರ ಮ್ಯಾಲ ಜೀವಾ ಇಡ್ತಾರೇನ್ರಿ? ಸಾಲಿ ಕಲತವ್ರು ನೀವು!”

ಕಾಶವ್ವ ಹಿಂದೆ ವಿಜಯಪುರದಲ್ಲಿ ಮನೆ ಕಟ್ಟುವ ಗೌಂಡಿಗಳ ಕೈಕೆಳಗೆ ಹತ್ತು ವರ್ಷ ದುಡಿದವಳು. ಆಮೇಲೆ ಅವಳು ಮಾಡಿದ್ದನ್ನು ನಾನು ವಿದ್ಯಾರ್ಥಿಯಂತೆ ನಿಂತು ನೋಡಿದೆ. ಇಟ್ಟಂಗಿ, ಫರಸಿ ಎರಡನ್ನೂ ಒದ್ದು ಆಚೆ ತಳ್ಳಿದಳು. “ತಗ್ಗ ಎತ್ತರಿಸಬಾರ್ದ್ರಿ, ಎತ್ತರ ಅಗೀಬೇಕು” ಎಂದು ಇಳುಕಲಿನ ಎತ್ತರದ ಬದಿಯ ಕಾಲು ಊರುವಲ್ಲಿ ಗುದ್ದಲಿಯಿಂದ ನಾಲ್ಕು ಬೆರಳು ಅಗೆದು, ಮಣ್ಣನ್ನು ತುಳಿದು ಗಟ್ಟಿ ಮಾಡಿದಳು. ಏಣಿ ಎತ್ತಿ ನಿಲ್ಲಿಸಿ, ನಡುವಿನ ಮೆಟ್ಟಿಲಿಗೆ ದಾರದಲ್ಲಿ ಒಂದು ಹರಳು ಕಟ್ಟಿ ಇಳಿಬಿಟ್ಟು, ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡಿದಳು. ದಾರ ಕೆಳಗಿನ ಮೆಟ್ಟಿಲುಗಳ ನಟ್ಟನಡುವೆ ಕಾಣುವವರೆಗೂ ಅಗೆಯುವುದನ್ನು ಬಿಡಲಿಲ್ಲ. ಬುಡಕ್ಕೆ ಗೂಟ ಹೊಡೆದು ಹಗ್ಗ ಬಿಗಿದಳು. ಮೇಲೆ ಮೋಡ ಗುಡುಗುತ್ತಿತ್ತು, ಅವಳಿಗೆ ಅವಸರವಿರಲಿಲ್ಲ. ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿಯೂ ಅಷ್ಟು ಶ್ರದ್ಧೆಯನ್ನು ನಾನು ಕಂಡಿಲ್ಲ.

“ಈಗ ಹತ್ತರಿ. ಮದಲ ಏಣಿ ತುದಿ ಕಟ್ರಿ, ಆಮ್ಯಾಲ ತಾಡಪತ್ರಿ. ನಿಮ್ಮ ಹೊಟ್ಟಿ ಏಣೀದು ಎರಡೂ ಕಂಬದ ನಡುವ ಇರಲಿ. ಎಟಕಲಿಲ್ಲಂದ್ರ ಇಳದು ಬರ್ರಿ, ಏಣಿ ಸರಸೂಣು.”

ಅವಳು ಹಿಡಿದು ನಿಂತಳು, ನಾನು ಕಟ್ಟಿದೆ. ಇಳಿದು ನೆಲ ಮುಟ್ಟುವಾಗ ದಪ್ಪ ಹನಿಗಳು ಶುರುವಾದವು. ಮಾಲು ಉಳಿಯಿತು, ನಾನೂ ಉಳಿದೆ. ಕಾಶವ್ವ ಸೆರಗು ಕೊಡವಿ ತನ್ನ ಕೆಲಸಕ್ಕೆ ಹೋದಳು.

ಮಾವನವರು ಆ ಫರಸಿಯ ತುಂಡನ್ನು ಎತ್ತಿಕೊಂಡು ಬಂದರು. “ಫರಸಿ ಜಾರತೈತಂತ ನನಗ ಮದಲ ಅನಿಸಿತ್ರಿ. ಅಳಿಯಾರಿಗೆ ಹೆಂಗ ಹೇಳೂದಂತ ಸುಮ್ನಾದೆ” ಎಂದರು. ನನಗೆ ಸಿಟ್ಟೂ ಬಂತು, ಮರುಕವೂ ಬಂತು. ಈ ಮನುಷ್ಯ ನನ್ನನ್ನು ಗೌರವದಿಂದಲೇ ಕೊಲ್ಲುತ್ತಿದ್ದರಲ್ಲ!

“ಮಾವಾರ, ಇನ್ನ ಮ್ಯಾಲ ನಾ ತಪ್ಪಿದ್ರ ಬೈದುಬಿಡ್ರಿ. ಕಾಶವ್ವ ಬೈದಂಗ.”

“ಖರೇ ಅಂತೀರಿ?”

“ಖರೇನ್ರಿ.”

“ಹಂಗಾರ ಒಂದ ಮಾತ್ರಿ. ನೀವು ಗಾಡಿ ಭಾಳ ಜೋರ ಹೊಡಿತೀರಿ. ನನ್ನ ಮಗಳ ಹಿಂದ ಕುಂತಿರ್ತಾಳ. ಹನ್ನೆರಡು ವರ್ಷದಿಂದ ಹೇಳಬೇಕಂತೀನಿ.”

ಅದು ಮೊದಲನೆಯದು. ಎರಡನೇ ಚಹಾ ಬರುವ ಹೊತ್ತಿಗೆ ನನ್ನ ಸಕ್ಕರೆ, ನನ್ನ ಬಿ.ಪಿ. ಗುಳಿಗೆ, ಮಗನನ್ನು ನಾನು ಗದರಿಸುವ ರೀತಿ, ಎಲ್ಲ ಬಂದುಹೋದವು. ಒಂದಾದರೂ ಸುಳ್ಳಿರಲಿಲ್ಲ. ಅಷ್ಟು ಸುಖವಾಗಿ ನಾನು ಯಾರಿಂದಲೂ ಬೈಸಿಕೊಂಡಿರಲಿಲ್ಲ.

ಮಳೆ ನಿಂತ ಮೇಲೆ ಹೆಂಡತಿಯೂ ನಾನೂ ಬೈಕು ಹತ್ತಿ ಹೊರಟೆವು. ಮಾವನವರು ರಸ್ತೆಯವರೆಗೂ ಬಂದು, “ನಲವತ್ತರ ಮ್ಯಾಲ ಹೊಡದ್ರ ನೋಡ್ರಿ ಮತ್ತ!” ಎಂದು ಬೆರಳು ತೋರಿಸಿದರು. ಟಿಕೋಟಾದ ಹತ್ತಿರ ಟ್ರ್ಯಾಕ್ಟರೊಂದು ಹಾರ್ನ್ ಹೊಡೆಯುತ್ತ ನಮ್ಮನ್ನು ಹಿಂದೆ ಹಾಕಿತು. ಹೋಗಲಿ ಬಿಡಿ, ಅದರ ಚಾಲಕನಿಗೆ ಬೈಯುವ ಮಾವ ಇದ್ದಿರಲಿಕ್ಕಿಲ್ಲ.