ಪಾಲಯ್ಯನ ಹುಬ್ಬು

ಚನ್ನಗಿರಿಯ ನನ್ನ ಸ್ಟುಡಿಯೋಗೆ ಡಿಜಿಟಲ್ ಕ್ಯಾಮೆರಾ ಬಂದ ಎರಡನೇ ವರ್ಷ. ಮದುವೆ, ನಾಮಕರಣದ ಜೊತೆಗೆ ಪತ್ರಿಕೆಗಳಿಗೆ ಫೋಟೋ ಕಳಿಸುತ್ತಿದ್ದೆ. ಪೊಲೀಸರು ಕರೆದಾಗ ಮಹಜರು ಫೋಟೋ ತೆಗೆಯುತ್ತಿದ್ದೆ. ಅಪಘಾತ, ಅಸಹಜ ಸಾವು ನಡೆದ ಜಾಗದಲ್ಲಿ ದಾಖಲೆಗೆಂದು ತೆಗೆಯುವ ಚಿತ್ರಗಳವು. ಗುರುತು ಸಿಗದ ಹೆಣಕ್ಕಂತೂ ಆ ಒಂದು ಚಿತ್ರವೇ ಹೆಸರು, ವಿಳಾಸ ಎಲ್ಲ.

ನನಗಿಂತ ಮೊದಲು ನಲವತ್ತು ವರ್ಷ ಈ ಕೆಲಸ ಮಾಡಿದವರು ನ್ಯಾಮತಿಯ ಗುರುಶಾಂತಪ್ಪ. ನನಗೆ ವಿದ್ಯೆ ಕಲಿಸಿದವರು. ಹೊನ್ನಾಳಿಯಲ್ಲಿ ಹೊಳೆ ನೀರು ಮನೆಗೆ ನುಗ್ಗಿದಾಗ ಮಂಚದ ಮೇಲೆ ಒಲೆ ಹೂಡಿದ ಹೆಂಗಸರನ್ನು, ಜಗಳೂರು ಕಡೆ ಫ್ಲೋರೈಡ್ ನೀರು ಕುಡಿದು ಚಿಕ್ಕ ವಯಸ್ಸಿಗೇ ಮೂಳೆ ಬಾಗಿದವರನ್ನು ಅವರು ಕಪ್ಪುಬಿಳುಪಿನಲ್ಲಿ ತೆಗೆದಿದ್ದರು. ಮೊನ್ನೆ ಅವರು ತೀರಿಕೊಂಡಾಗ ಸಭೆ ಸೇರಿಸಿ ಆ ಚಿತ್ರಗಳನ್ನು ಕೊಂಡಾಡಿದರು. ಬದುಕಿದ್ದಾಗ ಅವರ ಸ್ಟುಡಿಯೋ ಮೆಟ್ಟಿಲು ಹತ್ತದವರೂ ಮೈಕ್ ಹಿಡಿದರು. ನನ್ನನ್ನೂ ಮಾತಾಡಲು ಕರೆದರು. ಅಲ್ಲಿ ಹೇಳದೆ ಬಂದದ್ದನ್ನು ಇಲ್ಲಿ ಹೇಳುತ್ತೇನೆ.

ಗುರುಶಾಂತಪ್ಪನವರಲ್ಲಿ ನಾನು ಕಲಿತ ಮುಖ್ಯ ಕೆಲಸ ರಿಟಚಿಂಗ್, ಅಂದರೆ ಫೋಟೋ ತಿದ್ದುವುದು. ಆಗ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಜನ ಬದುಕಿರುವಾಗ ಒಂದು ಫೋಟೋವನ್ನೂ ತೆಗೆಸಿಕೊಳ್ಳುತ್ತಿರಲಿಲ್ಲ. ಸತ್ತ ಮೇಲೆ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ ತೆಗೆಯಬೇಕು. ಆಮೇಲೆ ಸಣ್ಣ ಕುಂಚದಲ್ಲಿ ಮುಚ್ಚಿದ ರೆಪ್ಪೆಯ ಮೇಲೆ ಕಣ್ಣು ಬರೆಯಬೇಕು. ಆ ಫೋಟೋವೇ ಗೋಡೆಗೆ ಏರುತ್ತಿತ್ತು. ಗುರುಗಳು ಬರೆದ ಕಣ್ಣು ಎಲ್ಲಿ ನಿಂತರೂ ನಮ್ಮನ್ನೇ ನೋಡುತ್ತಿತ್ತು. ಆದರೆ ಮಹಜರು ಫೋಟೋಗೆ ಮಾತ್ರ ಅವರು ಕುಂಚ ಮುಟ್ಟಿಸುತ್ತಿರಲಿಲ್ಲ. ಯಾಕೆಂದು ನಾನು ಕೇಳಿರಲೂ ಇಲ್ಲ.

ಡಿಜಿಟಲ್ ಕ್ಯಾಮೆರಾದ ಆ ಎರಡನೇ ವರ್ಷ, ಬೇಸಿಗೆ ಭತ್ತದ ಕಟಾವಿನ ಹೊತ್ತಿಗೆ ತ್ಯಾವಣಿಗೆ ಕಡೆ ನಾಲೆಯ ತೂಬಿಗೆ ಒಂದು ಹೆಣ ಬಂದು ಸಿಕ್ಕಿಕೊಂಡಿತು. ಇಪ್ಪತ್ತೈದರ ಆಸುಪಾಸಿನ ಗಂಡಸು. ಮೈಮೇಲೆ ಚಡ್ಡಿ ಬಿಟ್ಟು ಬೇರೇನೂ ಇರಲಿಲ್ಲ. ಪೊಲೀಸರು ನನ್ನನ್ನು ಕರೆದಿದ್ದರು, ಹಳೆಯ ರೂಢಿಯಂತೆ ಗುರುಶಾಂತಪ್ಪನವರಿಗೂ ಹೇಳಿ ಕಳಿಸಿದ್ದರು. ಅವರು ಬಸ್ಸಿಳಿದು ಏರಿಯ ಮೇಲೆ ನಡೆದು ಬಂದು, ಹೆಣದ ಪಕ್ಕ ಮಂಡಿಯೂರಿ ಮೂರು ಫ್ರೇಮು ತೆಗೆದರು. ಅಷ್ಟರಲ್ಲಿ ನಾನು ಇಪ್ಪತ್ತು ತೆಗೆದಿದ್ದೆ. ಫಿಲ್ಮಿನ ರೋಲ್ ಮುಗಿಯೋದು ಯಾವಾಗ, ತೊಳೆಯೋದು ಯಾವಾಗ ಎಂದು ನಾನು ಛೇಡಿಸಿದೆ. ಅವರು ನಕ್ಕು ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡರು.

ಮಧ್ಯಾಹ್ನದೊಳಗೆ ಪ್ರಿಂಟ್ ಬೇಕೆಂದು ಸ್ಟೇಷನ್ನಿನ ಕಡತ ಬರೆಯುವ ರೈಟರ್ ಕೇಳಿದ್ದರು. ಕಂಪ್ಯೂಟರ್ ಮುಂದೆ ಕೂತಾಗ ಆ ಊದಿದ ಮುಖ ನೋಡಿ ನನಗೇ ಸಂಕಟವಾಯಿತು. ಹೆತ್ತವರು ಇದನ್ನು ಹೇಗೆ ನೋಡಿಯಾರು ಅನ್ನಿಸಿತು. ಬಣ್ಣ ತಿಳಿ ಮಾಡಿದೆ. ಕೆನ್ನೆಯ ತರಚು ಅಳಿಸಿದೆ. ಎಡ ಹುಬ್ಬು ನಡುವೆ ಸೀಳಿತ್ತು. ನಾಲೆಯ ಕಲ್ಲು ಬಡಿದಿರಬೇಕೆಂದು ಅದನ್ನೂ ತುಂಬಿ ಹುಬ್ಬು ಕೂಡಿಸಿದೆ. ಕ್ಯಾಮೆರಾದ ಕಾರ್ಡಿನಲ್ಲಿ ಜಾಗ ಕಮ್ಮಿ, ಮರುದಿನ ಮದುವೆ ಇತ್ತು. ಮೂಲ ಚಿತ್ರಗಳನ್ನೆಲ್ಲ ಅಳಿಸಿಬಿಟ್ಟೆ. ಒಳ್ಳೆಯ ಕೆಲಸ ಮಾಡಿದೆ ಎಂದೇ ಅಂದುಕೊಂಡಿದ್ದೆ.

ವಾರಸುದಾರರು ಬಾರದೆ ಹೆಣವನ್ನು ಮಣ್ಣು ಮಾಡಿದರು. ಅದಾದ ಮೇಲೆ ಜಗಳೂರು ಕಡೆಯ ಓಬಕ್ಕ ಎಂಬ ತಾಯಿ ಸ್ಟೇಷನ್ನಿಗೆ ಬಂದರಂತೆ. ಕಟಾವಿಗೆಂದು ಈ ಕಡೆ ಬಂದ ಮಗ ಪಾಲಯ್ಯ ಊರಿಗೆ ಮರಳಿರಲಿಲ್ಲ. ಅವರ ದೂರಿನಲ್ಲಿ ಗುರುತಿನ ಚಹರೆ ಒಂದೇ: ಎಡ ಹುಬ್ಬಿನಲ್ಲಿ ಕುಡುಗೋಲು ತಾಗಿದ ಹಳೆಯ ಗಾಯದ ಗುರುತು. ನನ್ನ ಫೋಟೋ ನೋಡಿ, ಇವನು ನನ್ನ ಮಗನಲ್ಲ ಎಂದು ಕೈಮುಗಿದು ಹೋದರಂತೆ. ಹೋಗುವಾಗ ಮುಖ ಅರಳಿತ್ತು ಎಂದು ರೈಟರ್ ಹೇಳಿದರು. ನನಗೂ ಸಮಾಧಾನವಾಯಿತು. ಹುಬ್ಬಿನ ಮಾತು ಆಗ ನನ್ನ ಕಿವಿಗೆ ಬಿದ್ದಿರಲಿಲ್ಲ.

ಐದು ತಿಂಗಳ ನಂತರ ಗುರುಶಾಂತಪ್ಪ ನನ್ನ ಸ್ಟುಡಿಯೋಗೆ ಬಂದರು. ಕೈಯಲ್ಲಿ ಒಂದು ಲಕೋಟೆ. ಅವರ ಬಳಿ ಫೋಟೋ ತೆಗೆಸುವವರು ಇಲ್ಲವಾಗಿ ಆ ರೋಲ್ ಮುಗಿಯಲು ಅಷ್ಟು ಕಾಲ ಹಿಡಿದಿತ್ತು. ತೊಳೆದು ಪ್ರಿಂಟ್ ಹಾಕಿದ ಮೇಲೆ, ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ ಇನ್ನೂ ಅಂಟಿಕೊಂಡಿದ್ದ ಪೊಲೀಸ್ ಪ್ರಕಟಣೆಯ ಮುಖದ ಜೊತೆ ಹೋಲಿಸಿ ನೋಡಿದ್ದರು. ಎರಡನ್ನೂ ನನ್ನ ಟೇಬಲ್ ಮೇಲೆ ಇಟ್ಟರು.

"ಹುಬ್ಬು ನೀನು ಬರೆದಿದ್ದಾ ಶಿವು?" ಎಂದರು.

ನಾನು ಹೂಂ ಅಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇಬ್ಬರೂ ಸ್ಟೇಷನ್ನಿಗೆ ಹೋದೆವು. ರೈಟರ್ ಹಳೆಯ ದೂರು ತೆಗೆದು ಚಹರೆಯ ಸಾಲು ಓದಿದಾಗ ನಾನು ಕಾಗದ ಇಸಿದುಕೊಂಡು ಅದೇ ಸಾಲನ್ನು ಮತ್ತೊಮ್ಮೆ ಓದಿದೆ.

ಮರುದಿನ ಬೆಳಿಗ್ಗೆ ಒಬ್ಬ ಕಾನ್‌ಸ್ಟೆಬಲ್ ಜೊತೆ ನಾವಿಬ್ಬರೂ ಓಬಕ್ಕನ ಊರಿಗೆ ಹೋದೆವು. ಅವರು ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದರು. ಖಾಕಿ ಕಂಡದ್ದೇ, ಮಗ ಸಿಕ್ಕನೆಂದು ಎದ್ದು ನಿಂತರು. ಐದು ತಿಂಗಳಿಂದ ಸಂತೆ, ಬಸ್‌ಸ್ಟ್ಯಾಂಡು ಎನ್ನದೆ ಹುಡುಕುತ್ತಿದ್ದರಂತೆ. ಅವನು ಬಂದರೆ ಉಡಲೆಂದು ಒಂದು ಪಂಚೆಯನ್ನೂ ತಂದಿಟ್ಟಿದ್ದರು. ಗುರುಶಾಂತಪ್ಪ ಲಕೋಟೆಯನ್ನು ನನ್ನ ಕೈಗಿಟ್ಟು, "ನೀನೇ ಕೊಡಪ್ಪ" ಎಂದರು.

ಓಬಕ್ಕ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದರು. ಹೆಬ್ಬೆರಳಿನಿಂದ ಹುಬ್ಬು ಸವರಿದರು. ಅಳಲಿಲ್ಲ.

"ಅವತ್ತು ತೋರಿಸಿದ ಫೋಟೋದಾಗೆ ಇದು ಇರ್ಲಿಲ್ಲಲ್ರೀ" ಎಂದರು.

"ನಾನೇ ಅಳಿಸಿದ್ದೆ, ಅಮ್ಮ. ನಿಮಗೆ ನೋಡಾಕೆ ಕಷ್ಟ ಆಗ್ತೈತೆ ಅಂತ."

"ನನ್ನ ಮಗನ್ನ ನೋಡಾಕೆ ನಂಗೆ ಕಷ್ಟವೇನ್ರೀ?"

ಅವರನ್ನು ಕರೆತಂದು ಹೂತ ಜಾಗ ತೋರಿಸಿದೆವು. ಮಳೆಗೆ ದಿಬ್ಬ ಕರಗಿ, ಅಲ್ಲಿ ಹೂತ ನಾಲ್ಕೈದು ಅನಾಥ ಹೆಣಗಳಲ್ಲಿ ಯಾವುದು ಯಾರದೆಂದು ಹೇಳುವವರಿರಲಿಲ್ಲ. ಓಬಕ್ಕ ತಂದಿದ್ದ ಹೂವನ್ನು ಎಲ್ಲ ಕಡೆಗೂ ಅಷ್ಟಷ್ಟು ಹಾಕಿದರು. ಮಗನ ಬೇರೆ ಫೋಟೋ ಅವರ ಮನೆಯಲ್ಲಿ ಒಂದೂ ಇರಲಿಲ್ಲ. ಹೊರಡುವಾಗ ಗುರುಶಾಂತಪ್ಪನವರಿಗೆ, "ಇದರಾಗೇ ಕಣ್ಣು ತೆರೆದಂಗೆ ಮಾಡಿಕೊಡ್ರಿ, ಗೋಡೆಗೆ ಹಾಕ್ತೀನಿ. ಹುಬ್ಬು ಮಾತ್ರ ಮುಟ್ಟಬ್ಯಾಡ್ರಿ" ಎಂದರು.

ವಯಸ್ಸಾಗಿ ಗುರುಗಳಿಗೆ ಸಣ್ಣ ಕುಂಚದ ಕೆಲಸ ಆಗುತ್ತಿರಲಿಲ್ಲ. ಕುಂಚವನ್ನು ನನಗೆ ಕೊಟ್ಟು ಪಕ್ಕದಲ್ಲಿ ಕೂತರು. ಎರಡು ಕಣ್ಣು ಬರೆಯಲು ನನಗೆ ಮೂರು ದಿನ ಬೇಕಾಯಿತು. ಪಾಲಯ್ಯನ ಕಣ್ಣು ಹೇಗಿತ್ತೆಂದು ನನಗೆ ಗೊತ್ತಿರಲಿಲ್ಲ. ಕೊನೆಗೆ ಓಬಕ್ಕನ ಕಣ್ಣನ್ನೇ ನೆನೆದು ಬರೆದೆ.

ಗುರುಗಳು ಮಹಜರು ಫೋಟೋಗೆ ಯಾಕೆ ಕುಂಚ ಮುಟ್ಟಿಸುತ್ತಿರಲಿಲ್ಲ ಎಂಬುದನ್ನು ನಾನು ಕಲಿತದ್ದು ಹೀಗೆ. ಈಗ ಮದುವೆ ಹೆಣ್ಣಿನ ಕೆನ್ನೆಯ ಮಚ್ಚೆ ತೆಗೆಯಬೇಕೆಂದು ಯಾರಾದರೂ ಹೇಳಿದರೂ, ಮೊದಲು ಅವಳ ತಾಯಿಯನ್ನು ಕರೆದು ಕೇಳುತ್ತೇನೆ.