ಟಕ್ ಅನ್ನದ ಪಾನಾ

ಅಮಾವಾಸ್ಯೆಯ ದಿನ ನಮ್ಮ ಕಡೆ ಗ್ಯಾರೇಜುಗಳು ತೆರೆಯುವುದಿಲ್ಲ. ಬೆಳಿಗ್ಗೆ ಸಾಮಾನುಗಳನ್ನೆಲ್ಲ ಒರೆಸಿಟ್ಟು ಊದುಬತ್ತಿ ಹಚ್ಚಿದರೆ ಮುಗಿಯಿತು, ಆಮೇಲೆ ಯಾರ ಗಾಡಿ ನಡುದಾರಿಯಲ್ಲಿ ನಿಂತರೂ ನಮಗೆ ಸಂಬಂಧವಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ನಾಲ್ಕಾರು ಮಂದಿ ಮೆಕ್ಯಾನಿಕರು ಕೊಟ್ಟೂರಿಗೆ ಬರುತ್ತಾರೆ. ಎಲ್ಲರಿಗೂ ಕೊಟ್ಟೂರೇ ನಡುವೆ. ಸೇರುವುದು ನಮ್ಮ ಉಸ್ತಾದರ ಶೆಡ್ಡಿನಲ್ಲಿ. ನಾನು ಕೆಲಸ ಕಲಿತದ್ದು ಅವರ ಕೈಕೆಳಗೆ. ಈಗ ಅದೇ ರಸ್ತೆಯ ಆಚೆ ಬದಿಗೆ ನನ್ನದೇ ಗ್ಯಾರೇಜು ಇದೆ.

ಸೇರಿ ಮಾಡುವ ಘನಂದಾರಿ ಕೆಲಸವೆಂದರೆ, ಯಾರು ಯಾವ ಹೊಸ ಸಾಮಾನು ಕೊಂಡರು, ಎಷ್ಟು ಸೋವಿಗೆ ಗಿಟ್ಟಿಸಿದರು ಎಂದು ತೋರಿಸಿಕೊಂಡು ಮೆರೆಯುವುದು. ಹೆಂಡತಿ ಹೊಸ ಸೀರೆಯನ್ನು ನೆರೆಮನೆಗೆ ಒಯ್ದು ತೋರಿಸಿದರೆ ಆಡಿಕೊಳ್ಳುವ ಇದೇ ಗಂಡಸರು, ಒಂದು ಪಾನಾ ಕೊಂಡರೆ ಅದನ್ನು ಬನಿಯನ್ ಬಟ್ಟೆಯಲ್ಲಿ ಸುತ್ತಿ ಎಳೆಕೂಸನ್ನು ತಂದ ಹಾಗೆ ತರುತ್ತಾರೆ. ಸ್ಪ್ಯಾನರಿಗೆ ನಾವು ಪಾನಾ ಅನ್ನುತ್ತೇವೆ. ಮಂಡಕ್ಕಿ, ಮಿರ್ಚಿ ಬರುವಷ್ಟರಲ್ಲಿ ಅದು ಎಲ್ಲರ ಕೈಯಲ್ಲೂ ಒಂದು ಸುತ್ತು ಹೋಗಬೇಕು. ತೂಗಿ ನೋಡುವವರು, ಬಾಯಿ ಸವೆದಿದೆಯೇ ಎಂದು ಬೆಳಕಿಗೆ ಹಿಡಿಯುವವರು, ಮೂಸಿ ನೋಡುವವರೂ ಇದ್ದಾರೆ. ಕೊನೆಗೆ ರೇಟು ಊಹಿಸುವ ಆಟ. ಕೊಂಡವನು ಹೇಳುವ ರೇಟು ನಿಜವಾಗಿ ಕೊಟ್ಟದ್ದಕ್ಕಿಂತ ಕಡಿಮೆಯೇ ಇರಬೇಕೆಂಬುದು ನಮ್ಮಲ್ಲಿ ಯಾರೂ ಬರೆದಿಡದ ಕಾನೂನು. ಇದರಲ್ಲಿ ಹಡಗಲಿಯ ಗೆಳೆಯನನ್ನು ಮೀರಿಸುವವರಿಲ್ಲ. ಫೋನಿನಲ್ಲಿ ಆರ್ಡರ್ ಮಾಡಿ ತರಿಸಿದ ಸಾಕೆಟ್ ಸೆಟ್ಟಿಗೆ ಅವನು ಹೇಳಿದ ರೇಟು ಕೇಳಿ, ಹಾಗಾದರೆ ನನಗೂ ಒಂದು ತರಿಸು ಎಂದರೆ, “ಅದ ಕಡೀ ಪೀಸ್ ಇತ್ತೋ ಮಾರಾಯಾ” ಎಂದು ಮಿರ್ಚಿಗೆ ಕೈ ಹಾಕುತ್ತಾನೆ.

ಉಸ್ತಾದರು ಮಾತ್ರ ಈ ಆಟಕ್ಕೆ ಸೇರಿದವರಲ್ಲ. ಇಷ್ಟು ವರ್ಷ ಅವರು ನೋಡಿ ನಕ್ಕವರೇ ಹೊರತು ಕೊಂಡು ತೋರಿಸಿದವರಲ್ಲ. ಇತ್ತೀಚೆಗೆ ಆ ನಗುವೂ ಕಡಿಮೆಯಾಗಿತ್ತು. ಕರೆದರೆ ತಿರುಗುತ್ತಿರಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುತ್ತಿರಲಿಲ್ಲ. ಉಸ್ತಾದರಿಗೆ ದಿಮಾಕು ಬಂದಿದೆ ಎಂದು ಬಜಾರಿನಲ್ಲಿ ಜನ ಅನ್ನತೊಡಗಿದ್ದರು, ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ಗ್ಯಾರೇಜಿಗೆ ಹೊಸ ಶೆಡ್ಡು ಹಾಕಿಸಿದಾಗ ಪೂಜೆಗೆ ಕರೆಯಲು ಅವರಲ್ಲಿಗೇ ಹೋಗಿದ್ದೆ. ಅವರು ಇಂಜಿನ್ನಿನೊಳಗೆ ಬಗ್ಗಿಸಿದ್ದ ತಲೆಯನ್ನು ಎತ್ತಲಿಲ್ಲ, ಹೂಂ ಅನ್ನಲಿಲ್ಲ, ಪೂಜೆಗೂ ಬರಲಿಲ್ಲ. ಅಂದಿನಿಂದ ಅಮಾವಾಸ್ಯೆಗೊಮ್ಮೆ ಹೋಗಿ ಕೂತು ಬರುತ್ತಿದ್ದೆ, ಅಷ್ಟೇ.

ಹೋದ ವರ್ಷ ಚಳಿ ಇಳಿಯುತ್ತಿದ್ದ ಹೊತ್ತಿನ ಒಂದು ಅಮಾವಾಸ್ಯೆ. ಎಲ್ಲರದೂ ಮುಗಿದ ಮೇಲೆ ಉಸ್ತಾದರು ಎದ್ದು ಹೋಗಿ ಕಪಾಟಿನಿಂದ ಒಂದು ಉದ್ದನೆಯ ಪೆಟ್ಟಿಗೆ ತಂದು ನಡುವೆ ಇಟ್ಟರು. ಒಳಗೆ ಟಾರ್ಕ್ ಪಾನಾ. ಬೋಲ್ಟನ್ನು ಎಷ್ಟು ಬಿಗಿಯಬೇಕೋ ಅಷ್ಟಕ್ಕೆ ಹಿಡಿಯ ಹತ್ತಿರ ಗುರುತು ಹೊಂದಿಸಿಟ್ಟರೆ, ಅಷ್ಟು ಬಿಗಿಯಾದ ಕೂಡಲೇ ಅದು ಟಕ್ ಅನ್ನುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಹಡಗಲಿಯವನು “ಆಹಾ ಉಸ್ತಾದ್, ಮುಚ್ಚಿಟ್ಟು ಮುಚ್ಚಿಟ್ಟು ಹುಲೀನ ಹೊಡದೀರಿ ನೋಡ್ರಿ” ಎಂದು ಕೂಗಿ ಕೈ ಚಾಚಿದ.

“ಏನ್ ಹುಲಿ? ಮೋಸ ಹೋಗೀನಿ” ಎಂದರು ಉಸ್ತಾದರು, ಶೆಡ್ಡು ಅದುರುವ ದನಿಯಲ್ಲಿ. “ಹರಪನಹಳ್ಳ್ಯಾಗ ಹಳೀ ಸಾಮಾನಿನವ ಕೊಟ್ಟಾನ. ಅಲ್ಲಿ ನೋಡ್ದಾಗ ಗದ್ಲದಾಗ ಗೊತ್ತಾಗ್ಲಿಲ್ಲ. ಮನಿಗೆ ತಂದು ತಿರುವಿದ್ರ ಕೈಗೆ ಒಮ್ಮಿಂದೊಮ್ಮಿಗೆ ಸಡ್ಲ ಆಕ್ಕೈತಿ, ಸದ್ದು ಬರಂಗಿಲ್ಲ. ಒಳಗ ಸ್ಪ್ರಿಂಗ್ ಮುರದೈತಿ.”

ಹಾಗೆನ್ನುತ್ತ ಮೇಜಿನ ಮೇಲಿನ ವೈಸಿನ ಇಕ್ಕಳಕ್ಕೆ ಕಚ್ಚಿಸಿದ್ದ ಒಂದು ಬೋಲ್ಟಿಗೆ ಪಾನಾ ಕೂರಿಸಿ ತಿರುವಿದರು. ಟಕ್. ನಮಗೆಲ್ಲ ಸ್ಪಷ್ಟವಾಗಿ ಕೇಳಿತು. ಸಡಿಲಿಸಿ ಮತ್ತೆ ತಿರುವಿದರು. ಟಕ್. “ಬಂತೇನು?” ಎಂದು ನಮ್ಮ ಮುಖ ನೋಡಿದರು.

ಕೂಡ್ಲಿಗಿಯ ಲಾರಿ ಮೆಕ್ಯಾನಿಕ್ ಬಾಯಿಗೆ ಹಾಕಿಕೊಂಡಿದ್ದ ಮಂಡಕ್ಕಿಯನ್ನು ಅಗಿಯುವುದನ್ನೂ ಮರೆತಿದ್ದ. ಕಡೆಗೆ ಹಡಗಲಿಯವನೇ ಜೋರಾಗಿ, “ಇಲ್ರಿ ಉಸ್ತಾದ್, ಎಲ್ಲಿ ಸದ್ದು? ಮೋಸ ಮಾಡ್ಯಾನ ಬಿಡ್ರಿ ಅವ” ಅಂದ. ಉಳಿದವರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಉಸ್ತಾದರು ಸಮಾಧಾನದಿಂದ ಪಾನಾವನ್ನು ಪೆಟ್ಟಿಗೆಗೆ ಹಾಕಿ, ನಾಳೆಯೇ ಹೋಗಿ ಅವನ ಮುಖಕ್ಕೆ ಬಿಸಾಕುತ್ತೇನೆ ಅಂದರು.

ಹೊರಗೆ ಗಾಡಿಗಳ ಹತ್ತಿರ ನಾನು ಹಡಗಲಿಯವನ ಮೇಲೆ ಹರಿಹಾಯ್ದೆ. “ಸುಳ್ಳು ಹೇಳಾಕ ನಿನಗ ಇದೂ ಸಿಕ್ತೇನಲೇ?”

ಅವನು ತಿರುಗಿ ನೋಡಿದಾಗ ಕಣ್ಣು ತುಂಬಿದ್ದವು. “ಮತ್ತೇನು ಹೇಳ್ಬೇಕಿತ್ತು? ಉಸ್ತಾದ್ರೇ, ನಿಮ್ಮ ಕಿವಿ ಹೋಗ್ಯಾವು ಅಂತ ನೀ ಹೇಳ್ತಿದ್ದೇನು?” ಅವನು ಗಾಡಿ ಒದ್ದು ಹೊರಟುಹೋದ.

ಉಸ್ತಾದರ ಕಿವಿ ಎಂದರೆ ಸುತ್ತಲಿನ ಊರುಗಳಲ್ಲೆಲ್ಲ ಹೆಸರಾದದ್ದು. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಆನಿಸಿ, ಕಣ್ಣು ಮುಚ್ಚಿ ನಿಂತರೆಂದರೆ ಒಳಗೆ ಏನು ಕೆಟ್ಟಿದೆ ಎಂದು ಬಿಚ್ಚದೆಯೇ ಹೇಳುತ್ತಿದ್ದರು. ಆ ಕಿವಿ ಹೋದರೆ ಅವರಿಗೆ ಏನು ಉಳಿಯಿತು? ಬೆಳಿಗ್ಗೆ ಎದ್ದವನೇ ಹೇಳಿಬಿಡಬೇಕೆಂದು ರಸ್ತೆ ದಾಟಿ ಹೋದೆ. ಅವರು ಆಗಲೇ ಪೆಟ್ಟಿಗೆ ಹಿಡಿದು ನಿಂತಿದ್ದರು. “ನಡಿಯಲೇ, ಜಗಳಕ್ಕ ಒಬ್ಬ ಜೊತಿಗಿರ್ಲಿ” ಎಂದು ನನ್ನ ಗಾಡಿಯ ಹಿಂದೆ ಹತ್ತಿಯೇ ಬಿಟ್ಟರು. ಹರಪನಹಳ್ಳಿ ಬರುವವರೆಗೆ ಹೇಳಲು ನನ್ನಿಂದ ಆಗಲಿಲ್ಲ. ಅಂಥ ಹೇಡಿ ನಾನು.

ಹಳೇ ಸಾಮಾನಿನವನು ಒಳ್ಳೆಯ ಮನುಷ್ಯ. ಇವರ ಬೈಗುಳವನ್ನೆಲ್ಲ ನಿಂತು ಕೇಳಿ, ಪಾನಾ ತೆಗೆದುಕೊಂಡು ಅಂಗಡಿಯ ಮುಂದಿನ ಒಂದು ಹಳೆಯ ಇಂಜಿನ್ನಿನ ಬೋಲ್ಟಿಗೆ ಕೂರಿಸಿದ. ಟಕ್. “ಬರ್ತಾ ಐತಲ್ರೀ” ಅಂದ. ಇನ್ನೊಮ್ಮೆ, ಹಿಡಿಯನ್ನು ಇನ್ನೂ ಬಿಗಿಗೆ ಹೊಂದಿಸಿ ತಿರುವಿದ. ಈ ಸಲದ ಟಕ್ ಎಷ್ಟು ಜೋರಾಗಿತ್ತೆಂದರೆ ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಇಬ್ಬರು ಇತ್ತ ತಿರುಗಿ ನೋಡಿದರು.

ಆ ಇಬ್ಬರು ತಿರುಗಿದ್ದನ್ನು ಉಸ್ತಾದರು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಸದ್ದು ಬರ್ತೈತೇನಲೇ?”

ನಾನು ಬರುತ್ತದೆ ಎಂದು ತಲೆಯಾಡಿಸಿದೆ.

“ನಿನ್ನೀನೂ ಬಂದಿತ್ತೇನು?”

“ಬಂದಿತ್ರಿ” ಅಂದೆ. ಕೇಳಿಸಿತೋ ಇಲ್ಲವೋ, ನನ್ನ ತುಟಿ ನೋಡಿ ತಿಳಿದುಕೊಂಡರು. ಅಂಗಡಿಯವನ ಹೆಗಲ ಮೇಲೆ ಕೈಯಿಟ್ಟು, “ಮಾಫ್ ಮಾಡಪಾ, ತಪ್ಪು ನಂದ” ಎಂದು ಪೆಟ್ಟಿಗೆಯನ್ನು ವಾಪಸು ತೆಗೆದುಕೊಂಡರು. ಅಂಗಡಿಯವನೂ ವಿಷಯ ಅರಿತ. ದಾವಣಗೆರೆಯ ಕಿವಿ ಡಾಕ್ಟರೊಬ್ಬರು ವಾರಕ್ಕೊಮ್ಮೆ ಮುಂದಿನ ಓಣಿಯ ದವಾಖಾನೆಗೆ ಬರುತ್ತಾರೆ, ಇವತ್ತು ಅವರ ದಿನವೇ, ಕರೆದುಕೊಂಡು ಹೋಗಿ ಎಂದು ನನಗೆ ಮೆಲ್ಲಗೆ ಹೇಳಿದ.

ಡಾಕ್ಟರು ದೀಪ ಬಿಟ್ಟು ನೋಡಿದರು. ಎರಡೂ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ತುಂಬಿದೆ, ಒಳಗಿನ ತಮಟೆಯೇ ಕಾಣುತ್ತಿಲ್ಲ ಅಂದರು. ಕವಲಿನಂಥ ಒಂದು ಕಬ್ಬಿಣವನ್ನು ಮಿಡಿದು ಕಿವಿಯ ಮುಂದೆ ಹಿಡಿದರೆ ಉಸ್ತಾದರು ಇಲ್ಲ ಎಂದು ಕೈಯಾಡಿಸಿದರು. ಅದನ್ನೇ ಕಿವಿಯ ಹಿಂದಿನ ಎಲುಬಿಗೆ ಆನಿಸಿದಾಗ ಅವರ ಮುಖ ಬದಲಾಯಿತು. ಬರುತ್ತೆ, ಬರುತ್ತೆ ಎಂದು ತಲೆಯಾಡಿಸಿದರು. ಇಷ್ಟು ದಿನ ಅವರ ಕೆಲಸ ಹೇಗೆ ನಡೆದಿತ್ತೆಂದು ನನಗೆ ಆಗ ಹೊಳೆಯಿತು. ಸ್ಕ್ರೂ ಡ್ರೈವರ್ ಹಿಡಿದರೆ ಇಂಜಿನ್ನಿನ ಮಾತು ಎಲುಬಿನಿಂದ ಕೇಳುತ್ತಿತ್ತು. ಕೇಳದೇ ಹೋದದ್ದು ಮನುಷ್ಯರ ಮಾತು.

“ಇದು ಒಳ್ಳೇ ಲಕ್ಷಣ. ಆದ್ರೆ ಸ್ವಚ್ಛ ಮಾಡೋ ತನಕ ನಾನು ಗ್ಯಾರಂಟಿ ಕೊಡಲ್ಲ” ಅಂದರು ಡಾಕ್ಟರು. “ವರ್ಷಗಟ್ಟಲೆ ಗದ್ದಲದಲ್ಲಿ ಕೆಲಸ ಮಾಡಿದವರು. ಒಳಗಿನ ನರಾನೇ ಸವೆದಿದ್ರೆ ನನ್ನ ಕೈಯಲ್ಲಿ ಏನೂ ಇಲ್ಲ. ಹನಿ ಬಿಡ್ತಾ ಇರಿ, ಮುಂದಿನ ವಾರ ತೆಗೆಯೋಣ.” ಕಡ್ಡಿ ಹಾಕುತ್ತೀರಾ ಎಂದು ಸನ್ನೆ ಮಾಡಿ ಕೇಳಿದರು. ಉಸ್ತಾದರು ಕಡ್ಡಿ, ಸೈಕಲ್ ಕಡ್ಡಿ, ಚಳಿಗೆ ಹತ್ತಿ, ಎಲ್ಲ ಒಪ್ಪಿಕೊಂಡರು.

ವಾಪಸು ಬರುವಾಗ ದಾರಿಯ ಒಂದು ಚಹಾ ಅಂಗಡಿಯಲ್ಲಿ ಕೂತೆವು. ಅವರು “ಕಿವಿ ಇಲ್ದ ಮೇಲೆ ನಾನು ಎಂಥ ಉಸ್ತಾದಲೇ? ಎಲುಬಿಗೆ ಆನಿಸಿ ಹೆಂಡ್ತಿ ಮಾತು ಕೇಳಾಕ ಆಕ್ಕೈತೇನು?” ಅಂದರು. ನಾನು ನಗಲಿಲ್ಲ, ಅವರೂ ನಗಲಿಲ್ಲ. ಆಮೇಲೆ ನನ್ನನ್ನು ನೋಡಿ, “ಒಂದು ಕೇಳ್ತೀನಿ, ಖರೇ ಹೇಳು. ನಿನ್ನ ಶೆಡ್ಡಿನ ಪೂಜಿಗೆ ನನ್ನ ಯಾಕ ಕರೀಲಿಲ್ಲ? ರಸ್ತೆದ ಈ ಕಡಿ ನಿಂತು ನೋಡಿದ್ನಲೇ, ಊರ ಮಂದಿ ಎಲ್ಲಾ ಬಂದಿದ್ರು” ಅಂದರು.

ನಾನು ಗ್ಲಾಸು ಕೆಳಗಿಟ್ಟೆ. ಇಷ್ಟು ತಿಂಗಳು ನಾನು ರಸ್ತೆಯ ಆ ಕಡೆ ಮುಖ ಊದಿಸಿಕೊಂಡಿದ್ದೆ, ಇವರು ಈ ಕಡೆ. ಅವರ ಕಿವಿಗೆ ಬಾಯಿ ಹಚ್ಚಿ, “ಕರೆದಿದ್ದೆ ಉಸ್ತಾದ್! ನಿಮ್ಮ ಬೆನ್ನ ಹಿಂದ ನಿಂತು ಕರೆದಿದ್ದೆ!” ಎಂದು ಕೂಗಿದೆ. ಚಹಾದವನು ಬೆಚ್ಚಿಬಿದ್ದ. ಉಸ್ತಾದರು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು, ಮುಖವನ್ನು ಹೊಲದ ಕಡೆ ತಿರುಗಿಸಿಕೊಂಡರು. ಅರ್ಧ ಭಾರ ಅಲ್ಲೇ ಇಳಿಯಿತು. ಉಳಿದರ್ಧ ಡಾಕ್ಟರ ಕೈಯಲ್ಲಿತ್ತು.

ಆ ವಾರ ನಾನು ನನ್ನ ಗ್ಯಾರೇಜಿನಲ್ಲಿ ಇದ್ದದ್ದಕ್ಕಿಂತ ಅವರ ಶೆಡ್ಡಿನಲ್ಲಿ ಇದ್ದದ್ದೇ ಹೆಚ್ಚು. ಹನಿ ಬಿಟ್ಟ ಮೇಲೆ ಗುಗ್ಗೆ ಉಬ್ಬಿ, ಮೊದಲು ಕೇಳುತ್ತಿದ್ದ ಸ್ವಲ್ಪವೂ ಕೇಳದಾಯಿತು. ಇನ್ನೇನು ಎಲ್ಲ ಮುಗಿಯಿತು ಎಂದು ಅವರು ಕೆಲಸವನ್ನೇ ಮುಟ್ಟದೆ ಬಾಗಿಲಲ್ಲಿ ಕೂತುಬಿಟ್ಟರು. ಡಾಕ್ಟರು ಹೀಗಾಗುತ್ತದೆ ಎಂದು ಮೊದಲೇ ಹೇಳಿದ್ದರು ಎಂದು ಎಷ್ಟು ಕೂಗಿದರೂ ಅವರಿಗೆ ನಂಬಿಕೆ ಬರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಇರಲಿಲ್ಲ. ಹಡಗಲಿಯವನು ದಿನವೂ ಫೋನು ಮಾಡಿ, ಏನಾಯಿತು ಎಂದು ಕೇಳಿ, ಸಾಮಾನಿನ ಸುದ್ದಿ ಒಂದನ್ನೂ ಹೇಳದೆ ಇಡುತ್ತಿದ್ದ. ಅವನೂ ಹೆದರಿದ್ದಾನೆಂದು ಅದರಿಂದಲೇ ತಿಳಿಯುತ್ತಿತ್ತು.

ಎರಡನೇ ಸಲ ಹೋದಾಗ ಡಾಕ್ಟರು ದೊಡ್ಡ ಸಿರಿಂಜಿನಲ್ಲಿ ಬೆಚ್ಚಗಿನ ನೀರು ಹಾಯಿಸಿದರು. ಕಿವಿಯ ಕೆಳಗೆ ಸ್ಟೀಲಿನ ಬಟ್ಟಲು ಹಿಡಿಯುವ ಕೆಲಸ ನನ್ನದು. ಮೊದಲು ಬರೀ ಕೊಳೆ ನೀರು ಬಂತು. ಆಮೇಲೆ ಹಳೇ ಗ್ರೀಸಿನಂಥ ಕಪ್ಪು ಉಂಡೆಯೊಂದು ಬಟ್ಟಲಿಗೆ ಬಿತ್ತು, ಅದಕ್ಕೆ ಯಾವ ಕಾಲದ್ದೋ ಹತ್ತಿ ಅಂಟಿಕೊಂಡಿತ್ತು. ಇನ್ನೊಂದು ಕಿವಿಯಿಂದಲೂ ಅಂಥದ್ದೇ. ಉಸ್ತಾದರು ಕಣ್ಣು ಮುಚ್ಚಿಕೊಂಡೇ ಇದ್ದರು. ಅವರ ತುಟಿ ಮಾತ್ರ ಏನೋ ಪಠಿಸುತ್ತಿತ್ತು.

ಡಾಕ್ಟರು ಅವರ ಬೆನ್ನ ಹಿಂದೆ ಹೋಗಿ ನಿಂತು, ಸಾಧಾರಣ ದನಿಯಲ್ಲಿ, “ಊಟ ಆಯ್ತೇನ್ರಿ?” ಅಂದರು.

“ಇಲ್ರಿ, ಇನ್ನೂ ಇಲ್ಲ” ಎಂದು ಉಸ್ತಾದರು ಗರ್ಜಿಸಿ, ತಮ್ಮ ದನಿಗೆ ತಾವೇ ಬೆಚ್ಚಿ ಬಾಯಿ ಮುಚ್ಚಿಕೊಂಡರು. “ಯಾ ಅಲ್ಲಾ, ನಾನು ಇಷ್ಟು ಜೋರು ಮಾತಾಡ್ತೀನೇನು?” ಎಂದು ಈ ಸಲ ಪಿಸುಗುಟ್ಟಿದರು. ಡಾಕ್ಟರು ನಕ್ಕರು. ಪರೀಕ್ಷೆ ಮಾಡಿ, ವಯಸ್ಸಿನ ಸವಕಳಿ ಸ್ವಲ್ಪ ಇದೆ, ಹೆದರುವಂಥದ್ದಲ್ಲ, ಕಡ್ಡಿಗಿಡ್ಡಿ ಹಾಕಬೇಡಿ, ಗದ್ದಲದ ಕೆಲಸವಿದ್ದಾಗ ಕಿವಿ ಮುಚ್ಚಿಕೊಳ್ಳಿ ಎಂದರು. ನಾನು ಬಟ್ಟಲು ಹಿಡಿದುಕೊಂಡೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅಷ್ಟು ಹಗುರ ನನಗೆ ಅನ್ನಿಸಿದ್ದೇ ಇಲ್ಲ.

ಊಟ ಮಾಡಿ ಕೊಟ್ಟೂರಿನ ಕಡೆ ಹೊರಟೆವು. ಊರು ದಾಟಿ ಇನ್ನೂ ಸ್ವಲ್ಪ ದೂರ ಹೋಗಿಲ್ಲ, ಹಿಂದಿನಿಂದ ತಲೆಗೆ ಒಂದು ಏಟು ಬಿತ್ತು.

“ನಿಲ್ಸಲೇ ಗಾಡಿ!”

ನಿಲ್ಲಿಸಿದೆ. ಏನಾಯಿತೋ ಎಂದು ತಿರುಗಿ ನೋಡಿದೆ. ಅವರು ಇಳಿದು, ಹಿಂದಿನ ಚಕ್ರದ ಪಕ್ಕ ಕೂತು, ಚೈನನ್ನು ಬೆರಳಲ್ಲಿ ಎತ್ತಿ ತೋರಿಸಿದರು. “ಏನಿದು? ಕೇಸಿಗೆ ಬಡಕೊಂಡು ಬಡಕೊಂಡು ಹೋಗಾಕತ್ತೈತಿ. ಇಡೀ ದಾರಿ ನಿನಗ ಕೇಳಿಲ್ಲೇನು? ಗ್ಯಾರೇಜ್ ಇಟ್ಟಾನಂತ, ಗ್ಯಾರೇಜು! ನಿನ್ನ ಕಿವೀನೂ ತೊಳಸ್ಬೇಕಿತ್ತು ಅಲ್ಲೇ. ಪಾನಾ ತಗಿ.”

ಸೀಟಿನ ಕೆಳಗಿನ ಚೀಲ ತೆಗೆದು ಒಂದೊಂದೇ ಪಾನಾ ಕೊಡುತ್ತ ಹೋದೆ. ಅವರು ರಸ್ತೆ ಬದಿಯ ಮಣ್ಣಿನಲ್ಲಿ ಮೊಣಕಾಲೂರಿ ನಟ್ಟು ಸಡಿಲಿಸಿ ಚೈನು ಬಿಗಿ ಮಾಡುತ್ತಿದ್ದರು, ಬೈಯುವುದನ್ನು ಮಾತ್ರ ನಿಲ್ಲಿಸಿರಲಿಲ್ಲ. ನನ್ನ ಕೆಲಸ, ನನ್ನ ಸೋಮಾರಿತನ, ಸತ್ತುಹೋದ ನಮ್ಮಪ್ಪ ನನ್ನನ್ನು ತಂದು ಅವರ ಕೈಗೆ ಒಪ್ಪಿಸಿದ ಗಳಿಗೆ, ಯಾವುದನ್ನೂ ಬಿಡಲಿಲ್ಲ. ಹೋಗಿ ಬರುವ ಬಸ್ಸಿನವರು ಕಿಟಕಿಯಿಂದ ನೋಡುತ್ತಿದ್ದರು. ನನಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಗುವೂ ಬರುತ್ತಿತ್ತು. ಮುಖ ಆ ಕಡೆ ತಿರುಗಿಸಿ, ಬಾಯಲ್ಲೇ ಗೊಣಗಿದೆ, “ಸಾಕ್ ಬಿಡ್ರಿ ಇನ್ನ.”

ಅವರ ಕೈ ನಿಂತಿತು.

“ಏನಂದಿ?”

“ಏನಿಲ್ರಿ.”

“ಸಾಕ್ ಬಿಡ್ರಿ ಅಂದಿ” ಎಂದರು ಉಸ್ತಾದರು, ಪಾನಾ ಹಿಡಿದು ನನ್ನನ್ನೇ ನೋಡುತ್ತ. “ಕೇಳಿಸ್ತು ನನಗ.”