ವೆಲ್ಡಿಂಗ್ ಗಾಜು ಮತ್ತು ಹದಿನಾಲ್ಕು ನಿಮಿಷ

ಅಣ್ಣನಿಗೆ ಯಲ್ಲಾಪುರದಲ್ಲಿ ವೆಲ್ಡಿಂಗ್ ಅಂಗಡಿ ಇತ್ತು. ನಾನು ಅದೇ ಊರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಶಿರಸಿಯ ಸ್ಟುಡಿಯೋ ಒಂದರ ಯಜಮಾನರು ತಮ್ಮ ಹಳೆಯ ಕ್ಯಾಮರಾ ನನಗೆ ಮಾರಿದ್ದರು. ಅದರಲ್ಲಿ ಕಪ್ಪು-ಬಿಳುಪು ರೋಲು ಹಾಕಿ, ತೊಳೆಯಲು ಅವರ ಬಳಿಗೇ ಒಯ್ಯುತ್ತಿದ್ದೆ.

ಹಾಗೆ ಹೋದಾಗ ಒಮ್ಮೆ ಅಲ್ಲಿದ್ದ ಹಳೆಯ ಪತ್ರಿಕೆಯಲ್ಲಿ ಒಂದು ಸಮುದ್ರದ ಚಿತ್ರ ಕಂಡಿತು. ಅದರಲ್ಲಿ ಅಲೆಗಳೇ ಇರಲಿಲ್ಲ. ಬಂಡೆಗಳ ಸುತ್ತ ನೀರು ಹೊಗೆಯ ಹಾಗೆ ಹರಡಿಕೊಂಡಿತ್ತು. ಮಂಜಿರಬೇಕು ಎಂದೆ. ಮಂಜಲ್ಲ, ಲೆನ್ಸಿಗೆ ಕಪ್ಪು ಫಿಲ್ಟರ್ ಕಟ್ಟಿ ಶಟರನ್ನು ನಿಮಿಷಗಟ್ಟಲೆ ತೆರೆದಿಟ್ಟರೆ ಅಲೆಗಳೆಲ್ಲ ಒಂದರ ಮೇಲೊಂದು ಕೂತು ಹೀಗೆ ನಯವಾಗುತ್ತವೆ ಎಂದರು ಯಜಮಾನರು. ಅಂಥ ಫಿಲ್ಟರ್ ಹುಬ್ಬಳ್ಳಿಯಲ್ಲೂ ಸಿಗುವುದಿಲ್ಲವಂತೆ.

ಬಸ್ಸಿನಲ್ಲಿ ಬರುವಾಗ, ವೆಲ್ಡಿಂಗ್ ಮಾಡುವಾಗ ಅಣ್ಣ ಹಾಕಿಕೊಳ್ಳುವ ಮುಖವಾಡದ ಕಪ್ಪು ಗಾಜು ನೆನಪಾಯಿತು. ಮರುದಿನ ಅಂಗಡಿಗೆ ಹೋಗಿ ಕೇಳಿದೆ. ಯಾಕೆ ಎಂದೂ ಕೇಳದೆ ಹೊಸದೊಂದು ತೆಗೆದು, ಅಂಗಿಗೆ ಒರೆಸಿ ಕೊಟ್ಟ. ನಮ್ಮ ನಡುವೆ ಆಗ ಮಾತುಕತೆ ಅಷ್ಟೇ. ಅಪ್ಪ ತೀರಿಕೊಂಡ ವರ್ಷ ಅವನು ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು ಗ್ಯಾರೇಜು ಸೇರಿದ್ದ. ತಂಗಿ ಓದಲಿ ಎಂದು ಬಿಟ್ಟ ಎಂದು ನೆಂಟರೆಲ್ಲ ಹೇಳುತ್ತಿದ್ದರು. ಅದನ್ನು ಕೇಳಿ ಕೇಳಿ ಅವನ ಎದುರು ನಿರಾಳವಾಗಿ ಕೂರುವುದೇ ನನಗೆ ಆಗುತ್ತಿರಲಿಲ್ಲ.

ಡಿಸೆಂಬರಿನ ಒಂದು ಭಾನುವಾರ ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಹೋದೆ. ಗಾಜು ಎಷ್ಟು ಕಪ್ಪೆಂದರೆ ಕಟ್ಟಿದ ಮೇಲೆ ಕ್ಯಾಮರಾದೊಳಗೆ ಏನೂ ಕಾಣದು. ಹಾಗಾಗಿ ಮೊದಲು ಚೌಕಟ್ಟು ನೋಡಿ, ಫೋಕಸ್ ಮಾಡಿ, ಆಮೇಲೆ ರಬ್ಬರ್ ಬ್ಯಾಂಡಿನಿಂದ ಗಾಜನ್ನು ಬಿಗಿದೆ. ಬೆಳಕನ್ನು ಗಾಜು ಎಷ್ಟು ಸಲ ಅರ್ಧ ಮಾಡುತ್ತದೋ ಸಮಯವನ್ನು ಅಷ್ಟು ಸಲ ಇಮ್ಮಡಿ ಮಾಡಬೇಕು. ಲೆಕ್ಕ ಹಾಕಿದರೆ ನಾಲ್ಕೂವರೆ ನಿಮಿಷ ಬಂತು. ಮುಸ್ಸಂಜೆಯವರೆಗೆ ಗಡಿಯಾರ ಹಿಡಿದು ಕೂತು ಇಡೀ ರೋಲು ಮುಗಿಸಿದೆ.

ಶಿರಸಿಯಲ್ಲಿ ತೊಳೆದಾಗ ನೆಗೆಟಿವ್ ಹೆಚ್ಚುಕಡಿಮೆ ಖಾಲಿ ಇತ್ತು. ನನ್ನ ಲೆಕ್ಕದ ಚೀಟಿಯನ್ನು ಯಜಮಾನರ ಮುಂದಿಟ್ಟೆ. ಅವರು ಎರಡು ಸಲ ಓದಿದರು.

"ತಂಗೀ, ನಿನ್ನ ಲೆಕ್ಕ ಸರಿ ಇದ್ದು. ಫಿಲ್ಮಿಗೆ ಆ ಲೆಕ್ಕ ತಿಳೀತಿಲ್ಲೆ."

ಶಟರ್ ತೆರೆದಿಟ್ಟ ಹೊತ್ತು ಹೆಚ್ಚಾದಂತೆ ಫಿಲ್ಮು ಮಂದವಾಗುತ್ತದೆ, ಬೆಳಕು ಹೀರುವುದು ಕಡಿಮೆಯಾಗುತ್ತದೆ. ಹನ್ನೆರಡು ನಿಮಿಷ ಇಟ್ಟು ನೋಡು ಎಂದರು.

ಜನವರಿಯಲ್ಲಿ ಅಣ್ಣ ಒಂದು ಗೇಟನ್ನು ಅಂಕೋಲೆಗೆ ತಲುಪಿಸುವುದಿತ್ತು. ಅವನ ಟೆಂಪೋದಲ್ಲೇ ನಾನೂ ಹೋದೆ. ಗೇಟು ಇಳಿಸಿ ಇಬ್ಬರೂ ಕಡಲಿಗೆ ಬಂದೆವು. ಶಟರ್ ತೆರೆದು, ಇನ್ನು ಹನ್ನೆರಡು ನಿಮಿಷ ಕಾಯಬೇಕು ಎಂದೆ. ಅವನು ಬಂಡೆಯ ಮೇಲೆ ಕೂತ. ಬೀಡಿ ಹಚ್ಚಲು ನೋಡಿದ, ಗಾಳಿಗೆ ಹತ್ತಲಿಲ್ಲ. ಹನ್ನೆರಡೇ ಯಾಕೆ ಎಂದು ಕೇಳಿದ. ನಾನು ಇಮ್ಮಡಿಯ ಲೆಕ್ಕ ಹೇಳಿದೆ, ಫಿಲ್ಮಿನ ಸೋಮಾರಿತನವನ್ನೂ ಹೇಳಿದೆ. ಗಮನವಿಟ್ಟು ಕೇಳಿಸಿಕೊಂಡ. ನನಗೆ ತಡೆಯಲಾಗಲಿಲ್ಲ. ನನಗೋಸ್ಕರ ಶಾಲೆ ಬಿಡದಿದ್ದರೆ ಇದೆಲ್ಲ ನೀನೇ ನನಗೆ ಹೇಳಿಕೊಡುತ್ತಿದ್ದೆ ಎಂದೆ.

ಅವನು ಹತ್ತದ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡ.

"ನೀ ಓದ್ಲಿ ಅಂತ ನಾ ಬಿಟ್ಟಿದ್ದಲ್ಲ ಮಾರಾಯ್ತಿ. ನಂಗೆ ಆ ಗಣಿತ ತಲೆಗೇ ಹತ್ತತಿರ್ಲಿಲ್ಲ. ಬಿಡೂಕೆ ಒಂದು ನೆವ ಬೇಕಾಗಿತ್ತು. ನಿನ್ನ ಹೆಸ್ರು ಹೇಳ್ದೆ."

"ಮತ್ತೆ ಇಷ್ಟು ವರ್ಷ ಎಂತಕ್ಕೆ ಹೇಳ್ಲಿಲ್ಲ?"

"ಎಲ್ರೂ ನನ್ನ ಹೊಗಳ್ತಿದ್ರಲ್ಲ."

ಮೊದಲು ಸಿಟ್ಟೇ ಬಂತು. ಹೊಸ ಸೀರೆ ಉಟ್ಟಾಗಲೆಲ್ಲ, ಸಂಬಳದ ದಿನವೆಲ್ಲ ಅವನ ಸುಟ್ಟ ಕೈಗಳನ್ನು ನೆನೆದು ಮುದುಡಿದ್ದೆ. ಆದರೆ ಅವನು ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗನ ಮುಖ ಮಾಡಿ ಕೂತಿದ್ದ. ನೋಡಿ ನಗು ಬಂತು. ಅವನೂ ನಕ್ಕ. ಆಮೇಲೆ ಅಪ್ಪನ ವಿಷಯ, ಅಮ್ಮನ ಮೊಣಕಾಲಿನ ವಿಷಯ ಮಾತಾಡಿದೆವು. ಗಡಿಯಾರ ನೋಡುವಷ್ಟರಲ್ಲಿ ಹದಿನಾಲ್ಕು ನಿಮಿಷ ದಾಟಿತ್ತು.

ಆ ರೋಲಿನಲ್ಲಿ ಚೆನ್ನಾಗಿ ಬಂದದ್ದು ಅದೊಂದೇ. ಬಂಡೆಗಳು ಕಡು ಕಪ್ಪು, ನೀರು ಗಂಜಿಯ ತಿಳಿಯಷ್ಟು ಬಿಳಿ. ಪ್ರಿಂಟನ್ನು ಅಂಗಡಿಗೆ ಒಯ್ದು ತೋರಿಸಿದೆ. ಅಣ್ಣ ಬೆಳಕಿಗೆ ಹಿಡಿದು ನೋಡಿ, ಬಂಡೆಯ ಅಂಚು ತುಸು ಅಲುಗಿದೆ ಎಂದು ಗುರುತಿಸಿದ. ನಿಜ, ನನ್ನ ಕ್ಯಾಮರಾದ ಸ್ಟ್ಯಾಂಡು ತೀರ ಹಗುರ, ಗಾಳಿಗೆ ನಡುಗುತ್ತಿತ್ತು. ಅವನು ಎರಡು ವಾರ ಕೂತು ಕಬ್ಬಿಣದ ಪೈಪು ಬೆಸೆದು ಹೊಸದೊಂದು ಮಾಡಿದ. ಯಾವ ಗಾಳಿಗೂ ಅದು ಅಲುಗಲಿಲ್ಲ. ನನ್ನಿಂದಲೂ ಅಲುಗಲಿಲ್ಲ. ಹಾಗಾಗಿ ಮುಂದೆ ಡಿಜಿಟಲ್ ಕ್ಯಾಮರಾ ಬಂದು ರೋಲು ಸಿಗದಂತಾಗುವವರೆಗೂ ನಾನು ಕಡಲಿಗೆ ಹೊರಟಾಗಲೆಲ್ಲ ಅದನ್ನು ಹೆಗಲ ಮೇಲೆ ಹೊತ್ತು ಅಣ್ಣನೂ ಬರಬೇಕಾಯಿತು.